ಗೆಂಟಿಂಗ್ ಬೆಟ್ಟ ಹತ್ತುವ ಎರಡು ಮುಳ್ಳುಗಳು

ಮಕ್ಕಳೇ, ಮಲೇಷ್ಯಾದ ಕೌಲಾಲಂಪುರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಗೆಂಟಿಂಗ್ ಹೈಲ್ಯಾಂಡ್ಸ್ ಎಂಬ ಗಿರಿಧಾಮವಿದೆ. ಎತ್ತರ ಸುಮಾರು 1800 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಕೌಲಾಲಂಪುರವಾದರೋ ಸಮುದ್ರಮಟ್ಟಕ್ಕೆ ಹತ್ತಿರದ ಊರು. ತಿಂಡಿ ತಿಂದು ಹೊರಟ ಕಾರು ಮಧ್ಯಾಹ್ನದ ಊಟಕ್ಕೆ ಮೊದಲೇ ಅಷ್ಟೂ ಎತ್ತರ ಹತ್ತಬೇಕು. ಕೆಳಗಿನ ಊರಲ್ಲಿ 32, 33 ಡಿಗ್ರಿ ಸೆಕೆ ವರ್ಷವಿಡೀ ಮಾಮೂಲು. ಕೊನೆಯ ಏರುಗಳಲ್ಲಿ ಸಣ್ಣ ಕಾರುಗಳು ಕೆಳಗಿನ ಗೇರಿಗೆ ಇಳಿದು ಗುರ್ರೆನ್ನುತ್ತವೆ.

ಸಣ್ಣ ಕಾರು ಅಂದರೆ ಆ ದೇಶದವರಿಗೆ ಬಲು ಪ್ರೀತಿ. ಪ್ರೋಟಾನ್ ಕಂಪನಿಯ ಮೊದಲ ಕಾರು ಸಾಗಾ 1985ರಲ್ಲಿ ಬಂತು. ಪೆರೋಡುವಾ ಕಂಪನಿಯ ಕಾಂಚಿಲ್ ಬಂದದ್ದು 1994ರಲ್ಲಿ. ಮಲಯ್ ಜನಪದ ಕಥೆಗಳಲ್ಲಿ ಹುಲಿಗೂ ಮೊಸಳೆಗೂ ಚಳ್ಳೆಹಣ್ಣು ತಿನ್ನಿಸುವ ಒಂದು ಪುಟಾಣಿ ಪ್ರಾಣಿ ಬರುತ್ತದಲ್ಲ, ಕಾರಿನದು ಅದೇ ಹೆಸರು. ಇಂಥ ಹಳೆಯ ಕಾರುಗಳನ್ನು ಕೊಂಡು, ಚಾಲಕನ ಕಣ್ಣಿಗೆ ಕಾಣುವಂತೆ ಎರಡು ಪುಟ್ಟ ದುಂಡು ಮೀಟರುಗಳನ್ನು ಕೂರಿಸಿಕೊಳ್ಳುವ ಹುಡುಗರು ಅಲ್ಲಿದ್ದಾರೆ. ಒಂದು ಮೀಟರು ಇಂಜಿನ್ ಆಯಿಲ್ಲಿನ ಒತ್ತಡ ಹೇಳುತ್ತದೆ, ಇನ್ನೊಂದು ಅದೇ ಆಯಿಲ್ಲಿನ ಬಿಸಿ.

ಕಾರಲ್ಲಿ ಮೊದಲೇ ಮೀಟರುಗಳಿಲ್ಲವೇ ಅಂತ ಕೇಳುತ್ತೀರಿ. ವೇಗಕ್ಕಿದೆ, ಪೆಟ್ರೋಲಿಗಿದೆ. ಆಯಿಲ್ಲಿಗೆ ಮಾತ್ರ ಸಾಮಾನ್ಯವಾಗಿ ಒಂದೇ ಒಂದು ಕೆಂಪು ದೀಪ. ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒತ್ತಡ ಅರ್ಧ ಬಾರ್‌ಗಿಂತಲೂ ಕೆಳಗೆ ಬಿದ್ದ ಮೇಲೆ ಅದು ಹೊತ್ತಿಕೊಳ್ಳುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು. ಅರ್ಧ ಬಾರ್ ಎಷ್ಟು ಕಡಿಮೆ ಅಂತ ಅದರಿಂದ ಊಹಿಸಿ. ನಾಲ್ಕು ಬಾರ್ ಇರಬೇಕಾದಲ್ಲಿ ಒಂದಕ್ಕೆ ಇಳಿದರೂ ದೀಪ ಸುಮ್ಮನಿರುತ್ತದೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಈ ಒತ್ತಡ ಹುಟ್ಟುವುದು ಎಲ್ಲಿ? ಪಂಪಿನಲ್ಲಿ ಅಂತ ದೊಡ್ಡವರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ನೀರು ಎಳೆದುಕೊಂಡು ಬಟ್ಟಲಿಗೆ ಒತ್ತಿ. ಆಮೇಲೆ ಹರಳೆಣ್ಣೆ ಎಳೆದುಕೊಂಡು ಅಷ್ಟೇ ಬೇಗ ಒತ್ತಿ ನೋಡಿ. ಹೆಬ್ಬೆರಳು ನೋಯುತ್ತದೆ, ಅಲ್ಲವೇ? ಬೆರಳು ಅದೇ, ತೂತೂ ಅದೇ. ಹರಳೆಣ್ಣೆ ಮಂದ, ಸಣ್ಣ ತೂತಿನಲ್ಲಿ ಸುಲಭವಾಗಿ ನುಗ್ಗದು. ದೊಡ್ಡವರನ್ನು ಕೇಳಿ ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿಸಿ, ಮತ್ತೆ ಒತ್ತಿ. ಈ ಸಲ ಎಷ್ಟು ಹಗುರ! ಪಂಪು ಎಣ್ಣೆಯನ್ನು ತಳ್ಳುತ್ತದೆ, ಇಕ್ಕಟ್ಟಿನ ದಾರಿ ಅದನ್ನು ತಡೆಯುತ್ತದೆ. ಆ ತಡೆಯಿಂದಲೇ ಒತ್ತಡ.

ಇಂಜಿನ್ನಿನೊಳಗೆ ಆ ಇಕ್ಕಟ್ಟು ಎಷ್ಟು ಗೊತ್ತೇ? ತಿರುಗುವ ದಪ್ಪ ಕ್ರ್ಯಾಂಕ್ ಶಾಫ್ಟಿಗೂ ಅದನ್ನು ಹಿಡಿದಿರುವ ಬೇರಿಂಗಿಗೂ ನಡುವೆ ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದು ಭಾಗದಷ್ಟು ಜಾಗ. ನಿಮ್ಮ ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಅಷ್ಟು ಕಿರಿದಾದ ಸಂದಿಯಲ್ಲಿ ನಿಂತ ಎಣ್ಣೆಯ ಪದರದ ಮೇಲೆ ಶಾಫ್ಟು ತೇಲುತ್ತಾ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಎಣ್ಣೆ ತಣ್ಣಗೆ, ಮಂದ. ಒತ್ತಡದ ಮುಳ್ಳು ನಾಲ್ಕು ಬಾರ್ ದಾಟಿ ನಿಲ್ಲಬಹುದು. ಬೆಟ್ಟ ಹತ್ತಿ ಇಂಜಿನ್ ಕಾದು, ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಅದೇ ಮುಳ್ಳು ಒಂದರ ಆಸುಪಾಸಿಗೆ ಇಳಿದಿರುತ್ತದೆ. ಕೆಟ್ಟುಹೋಯಿತೇ? ಇಲ್ಲ. ಪಕ್ಕದ ಮುಳ್ಳು ನೋಡಿ: ಎಣ್ಣೆ 105 ಡಿಗ್ರಿಯಲ್ಲಿದೆ, ತೆಳ್ಳಗಾಗಿದೆ. ಆದರೆ ಎಣ್ಣೆ ಇನ್ನೂ ತಣ್ಣಗಿರುವಾಗಲೇ ಒತ್ತಡ ಒಂದಕ್ಕೆ ಬಿದ್ದಿದ್ದರೆ ಹೆದರಬೇಕು. ಅದಕ್ಕೇ ಒಂದೇ ಮೀಟರು ಕೊಳ್ಳುವಷ್ಟು ಹಣವಿದ್ದವರು ಇನ್ನೊಂದಕ್ಕೂ ಕೂಡಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಿಸಿ ಗೊತ್ತಿಲ್ಲದೆ ಒತ್ತಡದ ಅಂಕಿ ಓದಿದರೆ ಏನೂ ತಿಳಿಯದು.

ಬಿಸಿ 90ರಿಂದ 110 ಡಿಗ್ರಿಯವರೆಗೆ ಇದ್ದರೆ ಚೆನ್ನ. 130 ದಾಟಿದರೆ ಕಾರನ್ನು ನಿಧಾನಿಸಬೇಕು. ತೀರಾ ತಣ್ಣಗಿದ್ದರೂ ಒಳ್ಳೆಯದಲ್ಲ. ಪೆಟ್ರೋಲು ಉರಿದಾಗ ನೀರಿನ ಆವಿಯೂ ಹುಟ್ಟಿ ಸ್ವಲ್ಪ ಎಣ್ಣೆಗೆ ಸೇರುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಮಾತ್ರ ಆ ನೀರು ಹಾರಿಹೋಗುತ್ತದೆ.

ಮುಳ್ಳು ಆಡುವುದು ಹೇಗೆ ಅನ್ನುವುದು ಇನ್ನೂ ಸೊಗಸು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ದೋನ್ ಎಂಬವರು ಚಪ್ಪಟೆ ಕೊಳವೆಯೊಂದನ್ನು ಬಿಲ್ಲಿನಂತೆ ಬಗ್ಗಿಸಿ ಒತ್ತಡ ಅಳೆಯುವ ಉಪಾಯಕ್ಕೆ ಪೇಟೆಂಟ್ ಪಡೆದರು. ಜಾತ್ರೆಯಲ್ಲಿ ಸಿಗುವ ಸುರುಳಿ ಪೀಪಿ ಊದಿದರೆ ಬಿಚ್ಚಿಕೊಳ್ಳುತ್ತದಲ್ಲ, ಹಾಗೇ ಒಳಗೆ ಒತ್ತಡ ಹೆಚ್ಚಿದರೆ ಈ ಕೊಳವೆಯೂ ಕೂದಲೆಳೆಯಷ್ಟು ನೆಟ್ಟಗಾಗುತ್ತದೆ. ಸಣ್ಣ ಹಲ್ಲುಚಕ್ರಗಳು ಆ ಚಲನೆಯನ್ನು ದೊಡ್ಡದು ಮಾಡಿ ಮುಳ್ಳಿಗೆ ಕೊಡುತ್ತವೆ. ಹಳೆಯ ಬಗೆಯ ಮೀಟರಿನಲ್ಲಿ ಬಿಸಿ ಎಣ್ಣೆಯೇ ಸಣ್ಣ ಪೈಪಿನಲ್ಲಿ ಚಾಲಕನ ಮುಂದಿನವರೆಗೆ ಬರುತ್ತಿತ್ತು. ಪೈಪು ಒಡೆದರೆ ಎಣ್ಣೆ ಕಾಲ ಮೇಲೆ! ಈಗ ಹೆಚ್ಚಾಗಿ ಬಳಸುವುದು ವಿದ್ಯುತ್ತಿನ ಮೀಟರು: ಎಣ್ಣೆ ಇಂಜಿನ್ನಿನಲ್ಲೇ ಉಳಿಯುತ್ತದೆ, ಸೆನ್ಸರಿನಿಂದ ತಂತಿ ಮಾತ್ರ ಒಳಗೆ ಬರುತ್ತದೆ. ಬಿಸಿ ಅಳೆಯುವ ಸೆನ್ಸರಿನಲ್ಲಿ ಥರ್ಮಿಸ್ಟರ್ ಎಂಬ ವಸ್ತುವಿದೆ. ಕಾದಂತೆಲ್ಲ ಅದು ವಿದ್ಯುತ್ತಿಗೆ ಹೆಚ್ಚು ಸುಲಭವಾಗಿ ದಾರಿ ಬಿಡುತ್ತದೆ.

ಜೋಡಿಸುವ ಕೆಲಸದಲ್ಲಿ ಒಂದು ತಮಾಷೆಯ ತೊಡಕಿದೆ. ಕೆಂಪು ದೀಪದ ಸ್ವಿಚ್ಚು ಕೂತ ತೂತಿಗೇ ಒತ್ತಡದ ಹೊಸ ಸೆನ್ಸರ್ ತಿರುಗಿಸಬೇಕು. ಜಪಾನಿನ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಆ ತೂತಿನ ಮರೆಗೆ, ಅಂದರೆ ತಿರುಪಿನ ಸುರುಳಿ ಗೆರೆಗೆ, ಅಂಗುಲಕ್ಕೆ 28 ಸುತ್ತು. ಅಮೆರಿಕದ ಎಷ್ಟೋ ಸೆನ್ಸರುಗಳಿಗೆ 27. ಎರಡನ್ನೂ ಅಂಗಡಿಯಲ್ಲಿ ಎಂಟನೇ ಒಂದು ಇಂಚು ಅಂತಲೇ ಕರೆಯುತ್ತಾರೆ. ಮೊದಲ ಸುತ್ತುಗಳು ಸಲೀಸಾಗಿ ಹೋಗಿ, ಆಮೇಲೆ ಬಿಗಿಯುತ್ತದೆ. ಜೋರು ಮಾಡಿದರೆ ಮರೆ ಸವೆದು ಎಣ್ಣೆ ಸೋರುತ್ತದೆ. ನಡುವೆ ಒಂದು ಅಡಾಪ್ಟರ್ ಹಾಕಿದರೆ ಸಮಸ್ಯೆ ಮುಗಿಯಿತು. ಇನ್ನೊಂದು ದಾರಿ, ಆಯಿಲ್ ಫಿಲ್ಟರಿಗೂ ಇಂಜಿನ್ನಿಗೂ ನಡುವೆ ತೂತುಗಳಿರುವ ಒಂದು ದಪ್ಪ ಬಿಲ್ಲೆ ಸೇರಿಸಿ, ಎರಡು ಸೆನ್ಸರುಗಳನ್ನೂ ಅದಕ್ಕೇ ಕೂರಿಸುವುದು. ಮರೆಗೆ ಬಿಳಿ ಟೇಪು ಯದ್ವಾತದ್ವಾ ಸುತ್ತಬಾರದು. ಒಂದೇ ತಂತಿಯ ಸೆನ್ಸರುಗಳಿಗೆ ವಿದ್ಯುತ್ತು ಮರಳುವ ದಾರಿ ಆ ಲೋಹದ ಮರೆಯೇ. ಕೆಂಪು ದೀಪದ ಸ್ವಿಚ್ಚನ್ನು ಎಸೆಯಲೂಬಾರದು; ಟೀ ಆಕಾರದ ಜೋಡಣೆಯಿಂದ ಅದನ್ನೂ ಉಳಿಸಿಕೊಳ್ಳಬೇಕು. ಕಿಟಕಿ ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇರುವ ಹೊಸ ಕಾರಾದರೆ ಅಲ್ಲಿ ಮೀಟರ್ ಅಂಟಿಸುವುದು ಅಪಾಯ.

1999ರಲ್ಲಿ ತೆರೆದ ಮಲೇಷ್ಯಾದ ಸೆಪಾಂಗ್ ರೇಸ್ ಟ್ರ್ಯಾಕಿನಲ್ಲಿ 15 ತಿರುವುಗಳಿವೆ. ಅಲ್ಲಿ ಈ ಮುಳ್ಳಿಗೆ ಇನ್ನೊಂದು ಕೆಲಸ. ಜೋರಾದ ತಿರುವಿನಲ್ಲಿ ತಳದ ತೊಟ್ಟಿಯ ಎಣ್ಣೆಯೆಲ್ಲ ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿ ಎಳೆಯಬಹುದು. ಮುಳ್ಳು ಆ ಕ್ಷಣ ಧೊಪ್ಪೆಂದು ಬಿದ್ದು ಮತ್ತೆ ಏಳುತ್ತದೆ. ಹೀಗಾಗದಿರಲಿ ಎಂದು ತೊಟ್ಟಿಯೊಳಗೆ ಅಡ್ಡ ತಗಡುಗಳನ್ನು ಹಾಕಿಸುತ್ತಾರೆ.

ಶಾಲೆ, ಸಂತೆ, ಅಜ್ಜಿಮನೆ ಇಷ್ಟಕ್ಕೇ ಓಡುವ ಕಾರಿಗೆ ಈ ಮೀಟರುಗಳು ಬೇಕೇ ಬೇಕು ಅಂತೇನಿಲ್ಲ. ಬರೀ ಚೆಂದಕ್ಕೆ ಹಾಕಿಸುವವರೇ ಬೇಕಾದಷ್ಟಿದ್ದಾರೆ. ಆದರೆ ನಿಮ್ಮ ಮನೆಯ ಪೆಟ್ರೋಲ್ ಅಥವಾ ಡೀಸೆಲ್ ಕಾರಿನಲ್ಲಿ ಒಂದು ಕೆಲಸ ಮಾಡಿ. ಅಪ್ಪ, ಅಮ್ಮ ಕೀಲಿ ತಿರುಗಿಸಿದಾಗ ಹನಿ ಬೀಳುವ ಎಣ್ಣೆಗಿಂಡಿಯ ಕೆಂಪು ಚಿತ್ರ ಹೊತ್ತಿ, ಇಂಜಿನ್ ಚಾಲೂ ಆದೊಡನೆ ಆರುತ್ತದೆಯೇ ನೋಡಿ. ದಾರಿಯಲ್ಲಿ ಅದು ಮತ್ತೆ ಹೊತ್ತಿದರೆ, ಮನೆ ತಲುಪಲಿ ಅಂತ ಕಾಯಬೇಡಿ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಲು ತಕ್ಷಣ ಹೇಳಿ.