ಕೀಲಿಕೈ ಯಾರ ಬಳಿ?

ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈ ಬೇಕು. ಒಂದು ಗಿರಾಕಿಯದು, ಒಂದು ಬ್ಯಾಂಕಿನದು. ಈ ಕರಾರು ಗಿರಾಕಿಗೆ ಮೊದಲೇ ತಿಳಿದಿರುತ್ತದೆ. ಆದರೆ ಗಣಕಯಂತ್ರ ಕೊಳ್ಳುವಾಗ ಅದರೊಳಗಿನ ಕೀಲಿಕೈ ಯಾರ ಬಳಿ ಇದೆ ಎಂದು ನಾವು ಕೇಳುವುದೇ ಇಲ್ಲ. ಇಂದು ಆ ವಿಷಯ ವಿಚಾರ ಮಾಡೋಣ.

ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲ್ ಬರೆದು ಹಂಚಿದರು. ಯಂತ್ರಕ್ಕೂ ನಮ್ಮ ಕೆಲಸಕ್ಕೂ ನಡುವೆ ನಿಂತು ವ್ಯವಹಾರ ನಡೆಸುವ ಮೂಲ ತಂತ್ರಾಂಶವೇ ಕರ್ನೆಲ್. 1992ರಲ್ಲಿ ಅದನ್ನು ಜಿಪಿಎಲ್ ಎಂಬ ಪರವಾನಗಿಗೆ ಒಳಪಡಿಸಿದರು. ಅದರಂತೆ ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಹಂಚುವವರು ಮಾತ್ರ ಮನುಷ್ಯರು ಓದಬಲ್ಲ ಮೂಲ ಬರಹವನ್ನೂ ಕೊಡಬೇಕು.

ಇಂಥ ಪರವಾನಗಿಯಿಂದ ನಮ್ಮ ಭಾಷೆಗೆ ಲಾಭವಾಗಿದೆ. ಗ್ನೋಮ್, ಕೆಡಿಇ ಎಂಬ ಮುಕ್ತ ತಂತ್ರಾಂಶಗಳಿಗೆ ಸ್ವಯಂಸೇವಕರು ಯಾವ ಕಂಪನಿಯ ಅಪ್ಪಣೆಗೂ ಕಾಯದೆ ಕನ್ನಡ ತಂದರು. ನಮ್ಮಂತೆ ಗಡಿಯಲ್ಲಿರುವ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲಿ.

ಆದರೂ ಒಂದು ತೊಡಕಿದೆ. ವೈಫೈಯಂಥ ಭಾಗಗಳ ಒಳಗೆ ಬೇರೆಯೇ ಒಂದು ಚಿಕ್ಕ ತಂತ್ರಾಂಶ ನಡೆಯುತ್ತಿರುತ್ತದೆ. ಅದರ ಹೆಸರು ಫರ್ಮ್‌ವೇರ್. ಎಷ್ಟೋ ಭಾಗಗಳಿಗೆ ಯಂತ್ರ ಚಾಲೂ ಆದಾಗಲೆಲ್ಲ ಕರ್ನೆಲ್ಲೇ ಇದನ್ನು ತುಂಬಿಸಬೇಕು. ತಯಾರಕರು ಇದನ್ನು ಹಂಚಲು ಬಿಡುತ್ತಾರೆ, ಮೂಲ ಬರಹ ಮಾತ್ರ ಬಹುಮಟ್ಟಿಗೆ ಕೊಡುವುದಿಲ್ಲ. ಇಚಲಕರಂಜಿಯಲ್ಲಿ ಯಂತ್ರಮಗ್ಗ ಕೆಟ್ಟರೆ ಮಿಸ್ತ್ರಿ ಬಿಚ್ಚಿ ನೋಡುತ್ತಾನೆ. ಫರ್ಮ್‌ವೇರ್ ಕೆಟ್ಟರೆ ಕಂಪನಿಯ ದಾರಿಯನ್ನೇ ಕಾಯಬೇಕು. ಕಂಪನಿ ಕೈಬಿಟ್ಟರೆ ಊರಿನ ಜಾಣ ಹುಡುಗನೂ ಏನು ಮಾಡಿಯಾನು?

ಡೆಬಿಯನ್ ಎಂಬ ಲಿನಕ್ಸ್ ಬಳಗ 1993ರಿಂದ ನಡೆದಿದೆ. ಅದು 2011ರ ಆವೃತ್ತಿಯಲ್ಲಿ ಇಂಥ ಫರ್ಮ್‌ವೇರನ್ನು ಕರ್ನೆಲ್ಲಿನಿಂದ ತೆಗೆದು ಪ್ರತ್ಯೇಕ ಇಟ್ಟಿತು. ತತ್ವವೇನೋ ಉಳಿಯಿತು, ಆದರೆ ಹೊಸದಾಗಿ ಹಾಕಿಕೊಂಡವರ ವೈಫೈ ಎಷ್ಟೋ ಯಂತ್ರಗಳಲ್ಲಿ ನಡೆಯಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ, ಯಂತ್ರಕ್ಕೆ ತುಂಬುವ ಪ್ರತಿಯಲ್ಲೇ ಅದನ್ನು ಸೇರಿಸಲು ಒಪ್ಪಿದರು. 2023ರ ಡೆಬಿಯನ್ 12ರಲ್ಲಿ ಇದು ಜಾರಿಗೆ ಬಂತು. ಆದರೂ ಮುಕ್ತವಲ್ಲದ ಫರ್ಮ್‌ವೇರಿಗೆ ಪ್ರತ್ಯೇಕ ಖಾನೆ ಇದೆ, ಬೇಡವೆಂದವರು ಬಿಡಬಹುದು. ಒಂದನ್ನೂ ಸೇರಿಸದ ಲಿನಕ್ಸ್-ಲಿಬ್ರೆ ಎಂಬ ಕರ್ನೆಲ್ ಕೂಡ ಉಂಟು.

ಡೆಬಿಯನ್ನಿನವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಬಡ ಶಾಲೆಯ ಯಂತ್ರ ಮೊದಲು ನಡೆಯಬೇಕು. ಆದರೆ ಲೆಕ್ಕ ಬೇರೆ ಬರೆದಿಡಬೇಕು; ಇಲ್ಲವಾದರೆ ಬೀಗ ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಕೇಳಿದರೆ ಫಲವೂ ಇದೆ. 2013ರಲ್ಲಿ ಕ್ವಾಲ್‌ಕಾಮ್ ಅಥೆರೋಸ್ ಕಂಪನಿ ತನ್ನ ಕೆಲವು ವೈಫೈ ಚಿಪ್ಪುಗಳ ಫರ್ಮ್‌ವೇರಿನ ಮೂಲ ಬರಹವನ್ನೇ ಬಿಡುಗಡೆ ಮಾಡಿತು.

ಆದ್ದರಿಂದ ಜಯಸಿಂಗಪುರವಿರಲಿ, ಗಡಹಿಂಗ್ಲಜವಿರಲಿ, ಶಾಲೆಗೋ ವಾಚನಾಲಯಕ್ಕೋ ಯಂತ್ರ ಕೊಳ್ಳುವಾಗ ದರದ ಜೊತೆಗೆ ಇನ್ನೆರಡು ಮಾತು ಕೇಳಿರಿ. ಇದರಲ್ಲಿ ಲಿನಕ್ಸ್ ನಡೆಯುತ್ತದೆಯೇ? ವೈಫೈಗೆ ಮುಚ್ಚಿದ ಫರ್ಮ್‌ವೇರ್ ಬೇಕೇ? ಕನ್ನಡದಲ್ಲಿ ಕೇಳಿರಿ, ಮರಾಠಿಯಲ್ಲಿ ಕೇಳಿರಿ. ಆದರೆ ಹಣ ಎಣಿಸುವ ಮೊದಲೇ ಕೇಳಿರಿ.