ಐಸಿಯುಗೆ ಮರಳಿದ ಹಲ್ಲುಜ್ಜುವ ಬ್ರಶ್

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿರಲಿ, ಕೆಂಗೇರಿಯಾಚೆ ಮೈಸೂರು ರಸ್ತೆಯ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿರಲಿ, ಐಸಿಯು ಬಾಗಿಲಲ್ಲಿ ಕಾದವರು ಕೇಳುವುದು ಬಿಪಿ, ಆಕ್ಸಿಜನ್, ಕಿಡ್ನಿಯ ಬಗ್ಗೆ. ಅಜ್ಜನ ಹಲ್ಲುಸೆಟ್ಟನ್ನು ಸಿಸ್ಟರ್ ತಂದು ಕೈಗಿತ್ತಾಗಲೂ ಅವರ ಬಾಯಿ ಸ್ವಚ್ಛ ಮಾಡುವವರು ಯಾರೆಂದು ವಿಚಾರಿಸುವವರು ಅಪರೂಪ. ವೈದ್ಯಲೋಕವೂ ಈ ವಿಷಯಕ್ಕೆ ಬಂದದ್ದು ತಡವಾಗಿಯೇ.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿತು. ಉಸಿರಾಡಲಾಗದವರ ಗಂಟಲಿಗೆ ರಂಧ್ರ ಮಾಡಿ ನಳಿಕೆ ಇಳಿಸಿ, ವೈದ್ಯವಿದ್ಯಾರ್ಥಿಗಳಿಂದ ಪಾಳಿಯ ಮೇಲೆ ರಬ್ಬರ್ ಚೀಲ ಒತ್ತಿಸಿದವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್. ಮರುವರ್ಷ ಅವರು ಕಟ್ಟಿದ ಘಟಕವೇ ಇಂದಿನ ಐಸಿಯುಗಳ ಹಿರಿಯಕ್ಕ.

ಜೀವ ಉಳಿಸಿದ ನಳಿಕೆಯೇ ಸೋಂಕಿಗೂ ದಾರಿಯಾಯಿತು. ನಳಿಕೆಯ ಸುತ್ತ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ; ಅದರ ಮೇಲೆ ನಿಂತ ಜೊಲ್ಲು ಸಂದಿಯಲ್ಲಿ ಜಿನುಗಿ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಕಾಯಿಲೆ ಬಿಗಡಾಯಿಸಿದಷ್ಟೂ ಗಂಟಲಿನಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಹೆಚ್ಚುವುದನ್ನು 1969ರಲ್ಲಿ ಅಮೆರಿಕದ ಜೊಹಾನ್ಸನ್ ಮತ್ತು ಸಂಗಡಿಗರು ತೋರಿಸಿದರು. ನಳಿಕೆ ಹಾಕಿದವರಿಗೆ ಊಟವಿಲ್ಲ, ಬಾಯಿ ತೆರೆದೇ ಇದ್ದು ಒಣಗುತ್ತದೆ, ಹಲ್ಲಿನ ಪಾಚಿ ದಪ್ಪವಾಗುತ್ತದೆ. ಆಸ್ಪತ್ರೆಯ ರೋಗಾಣುಗಳು ಅಲ್ಲೇ ಬೀಡುಬಿಡುತ್ತವೆ.

ಹಾಗಾದರೆ ಔಷಧಿ ಸುರಿದರಾಯಿತಲ್ಲ? ವೈದ್ಯರು ಅಂದುಕೊಂಡದ್ದೂ ಅದನ್ನೇ. 1996ರಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದ 353 ಜನರ ಅಧ್ಯಯನದಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣ ಸೋಂಕು ಇಳಿಸಿತು. ಅಷ್ಟೇ ಸಾಕಾಯಿತು, ವೆಂಟಿಲೇಟರ್ ಹಾಕಿದವರಿಗೆಲ್ಲ ಅದೇ ವಾಡಿಕೆಯಾಯಿತು. ಹೃದ್ರೋಗಿಗಳಿಗೆ ಒಗ್ಗಿದ್ದು ಉಳಿದವರಿಗೂ ಒಗ್ಗೀತೆಂಬ ಅವಸರ ಇಲ್ಲಿ ಎದ್ದು ಕಾಣುತ್ತದೆ. 2014ರಲ್ಲಿ ಸಂಶೋಧಕ ಮೈಕೆಲ್ ಕ್ಲೊಂಪಾಸ್ ತಂಡ ಹಳೆಯ ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ, ಇತರ ರೋಗಿಗಳಲ್ಲಿ ಲಾಭ ಖಚಿತವಾಗಲಿಲ್ಲ. ಸಾವು ತುಸು ಹೆಚ್ಚಬಹುದೆಂಬ ಅನುಮಾನವೂ ಎದ್ದಿತು.

2022ರ ಅಮೆರಿಕದ ಮಾರ್ಗಸೂಚಿ ದಿನವೂ ಹಲ್ಲುಜ್ಜಿ, ಕ್ಲೋರ್‌ಹೆಕ್ಸಿಡಿನ್ ಬಿಡಿ ಎಂದಿತು. ಮರುವರ್ಷ ಕ್ಲೊಂಪಾಸ್ ಮತ್ತು ಸೆಲಿನಾ ಎರೆನ್‌ಜೆಲ್ಲರ್ 15 ಪ್ರಯೋಗಗಳ ಲೆಕ್ಕ ಹಾಕಿದರು: ಬ್ರಶ್ ಮಾಡಿಸಿಕೊಂಡವರಲ್ಲಿ ಆಸ್ಪತ್ರೆಯಲ್ಲಿ ಅಂಟುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಪಾಲು ಕಡಿಮೆ, ಐಸಿಯುವಿನ ಸಾವುಗಳೂ ಕಡಿಮೆ. ಲಾಭ ಮುಖ್ಯವಾಗಿ ವೆಂಟಿಲೇಟರ್‌ನಲ್ಲಿದ್ದವರಿಗೆ.

ಕೆಲಸವೇನೂ ಹಗುರವಲ್ಲ. ಮಂಚದ ತಲೆಯ ಭಾಗ ಎತ್ತರಿಸಬೇಕು, ನಳಿಕೆ ಅಲುಗದಂತೆ ಹಿಡಿಯಬೇಕು, ಮೆತ್ತನೆಯ ಪುಟ್ಟ ಬ್ರಶ್ಶಿನಿಂದ ಉಜ್ಜುತ್ತಲೇ ಸಕ್ಷನ್‌ನಿಂದ ಜೊಲ್ಲು ಎಳೆಯಬೇಕು. ಹಲವು ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರ್‌ಗಳಿಗೆ 15 ಪ್ರಯೋಗಗಳ ಆ ಲೆಕ್ಕದಲ್ಲೊಂದು ಸಮಾಧಾನವೂ ಇತ್ತು: ದಿನಕ್ಕೆ ಎರಡು ಸಲ ಉಜ್ಜಿದರೂ, ಮೂರೋ ಹೆಚ್ಚೋ ಸಲ ಉಜ್ಜಿದರೂ ಫಲ ಹೆಚ್ಚುಕಡಿಮೆ ಒಂದೇ.