ಸಿಪಾಯಿಯ ಸೂಜಿ, ಸಂಗ್ರಾಹಕನ ಕಣ್ಣು

ಒಂದು ಹಳೆಯ ಚರ್ಮದ ಸೊಂಟಪಟ್ಟಿ. ಅದರ ಉದ್ದಕ್ಕೂ ಕ್ಯಾನ್ವಾಸ್ ಬಟ್ಟೆಯ ಕುಣಿಕೆಗಳನ್ನು ದಪ್ಪ ದಾರದಲ್ಲಿ ಹೊಲಿದಿದೆ. ಹೊಲಿಗೆ ನೇರವಾಗಿಲ್ಲ, ಕುಣಿಕೆಗಳ ಅಳತೆಯೂ ಒಂದೇ ಸಮನಿಲ್ಲ. ಅಮೆರಿಕದ ಹಳೆಯ ಸೇನಾ ಸಾಮಗ್ರಿ ಸಂಗ್ರಹಿಸುವವರಲ್ಲಿ ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ, ಕಣ್ಣಿಗೊತ್ತಿಕೊಳ್ಳುವವರೂ ಇದ್ದಾರೆ. ಮೊದಲಿನವರಿಗೆ ಶಸ್ತ್ರಾಗಾರದಿಂದ ಬಂದ ಹಾಗೆಯೇ ಉಳಿದ ವಸ್ತು ಬೇಕು. ಎರಡನೆಯವರಿಗೆ ಬೇಕಾದದ್ದು ತೊಟ್ಟವನ ಕೈಗುರುತು.

ಆ ಕೈಗುರುತಿಗೆ ಕಾರಣವಿತ್ತು. 1865ರಲ್ಲಿ ಅಂತರ್ಯುದ್ಧ ಮುಗಿದಾಗ ಸರ್ಕಾರದ ಉಗ್ರಾಣಗಳಲ್ಲಿ ರಾಶಿ ಸಾಮಾನು ಉಳಿದಿತ್ತು. ಪಶ್ಚಿಮದ ಬಯಲಿಗೆ ಹೋದ ಸಿಪಾಯಿಗಳಿಗೆ ಅದನ್ನೇ ಹಂಚಲಾಯಿತು. ತೋಟಾ ಪೆಟ್ಟಿಗೆಗಳು ಕಾಗದದ ತೋಟಾಗಳಿಗೆಂದು ಮಾಡಿದವು. ಬಂದೂಕುಗಳೋ ಲೋಹದ ತೋಟಾಗಳಿಗೆ ತಿರುಗತೊಡಗಿದ್ದವು. ಕುದುರೆ ಓಡಿದರೆ ಪೆಟ್ಟಿಗೆಯೊಳಗೆ ಗಲಗಲ ಸದ್ದು, ಅವಸರಕ್ಕೆ ತೋಟಾ ಕೈಗೆ ಸಿಗದು. ಸೊಂಟದ ಸುತ್ತ ಸಿಕ್ಕಿಸಿಕೊಳ್ಳುವುದೇ ಮೇಲೆಂದು ಸಿಪಾಯಿಗಳು ಕಂಡುಕೊಂಡರು. ಆನ್ಸನ್ ಮಿಲ್ಸ್ ಎಂಬ ಕ್ಯಾಪ್ಟನ್ ಜೀನು ಹೊಲಿಯುವವನಿಂದ ಇಂಥ ಪಟ್ಟಿ ಮಾಡಿಸಿ, 1867ರಲ್ಲಿ ಪೇಟೆಂಟನ್ನೂ ಪಡೆದ. ಸೇನೆಯ ಶಸ್ತ್ರಾಸ್ತ್ರ ಇಲಾಖೆ ತನ್ನದೇ ಕುಣಿಕೆಪಟ್ಟಿ ಹೊರತಂದದ್ದು 1876ರಲ್ಲಿ. ಅಲ್ಲಿಯವರೆಗೆ ಸೂಜಿ ದಾರವೇ ಗತಿ. ತಿಂಗಳಿಗೆ 13 ಡಾಲರು ಸಂಬಳ. ಸರ್ಕಾರದ ಸಾಮಾನು ಕಳೆದರೆ ಅದರಿಂದಲೇ ಮುರಿದುಕೊಳ್ಳುತ್ತಿದ್ದರು. ಆದರೂ ಪಿಸ್ತೂಲು ಬೇಗ ಕೈಗೆ ಬರಲೆಂದು ಒರೆಯ ಮುಚ್ಚಳ ಕತ್ತರಿಸಿಕೊಂಡವರಿದ್ದರು.

ಕುಣಿಕೆಗೆ ಕ್ಯಾನ್ವಾಸೇ ಏಕೆ? ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಹಸಿರು ಕಿಲುಬು ಏಳುವುದು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದೇ. ಹದ ಮಾಡಿದ ಚರ್ಮ ತಾಗಿದ ತಾಮ್ರದ ತೋಟಾಕ್ಕೂ ಹಾಗೆಯೇ ಆಗುತ್ತಿತ್ತು. ಕಿಲುಬು ಹಿಡಿದ ತೋಟಾ ಹಾರಿಸಿದರೆ, ಖಾಲಿ ಕೊಳವೆ 1873ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿನಲ್ಲಿ ಕಚ್ಚಿಕೊಳ್ಳಬಹುದಿತ್ತು. ಶತ್ರು ಎದುರಿಗಿರುವಾಗ ಅದನ್ನು ಚಾಕುವಿನಿಂದ ಮೀಟಿ ತೆಗೆಯಬೇಕು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಶೈಯೆನ್ ಯೋಧರ ಎದುರು ಕಸ್ಟರ್ ಮತ್ತು ಅವನ ಜೊತೆಗಿದ್ದ 200ಕ್ಕೂ ಹೆಚ್ಚು ಮಂದಿ ಸತ್ತಾಗ ಈ ದೋಷದ ಮೇಲೇ ಗೂಬೆ ಕೂರಿಸಿದವರಿದ್ದರು. 1983ರಲ್ಲಿ ಕಾಳ್ಗಿಚ್ಚು ಆ ಬಯಲಿನ ಹುಲ್ಲನ್ನೆಲ್ಲ ಸುಟ್ಟಿತು. ಮುಂದಿನ ಎರಡು ವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಹುಡುಕಿದರು. ಮೀಟಿದ ಗುರುತಿದ್ದ ಕೊಳವೆಗಳು ಸಿಕ್ಕಿದ್ದು ಕೆಲವೇ. ಸೋಲಿಗೆ ಅದೇ ಕಾರಣವೆನ್ನಲು ಅವು ಸಾಲವು. ಸಿಪಾಯಿಯ ಅಂಜಿಕೆ ಮಾತ್ರ ನಿಜವಾದದ್ದು.

ಸಂಗ್ರಾಹಕನ ಪೇಚು ಇಲ್ಲಿಂದ ಶುರು. ಹಳೆಯ ಚರ್ಮ ಸಿಕ್ಕರೆ ಕುಣಿಕೆ ಹೊಲಿಯುವುದು ಯಾರಿಗೂ ಕಷ್ಟವಲ್ಲ. ಆದ್ದರಿಂದ ಬಲ್ಲವರು ಕುಣಿಕೆಯ ಅಡಿ ನೋಡುತ್ತಾರೆ. ಬಿಸಿಲು ತಾಗದ ಆ ಜಾಗದ ಬಣ್ಣ ಬೇರೆಯಿದೆಯೇ, ದಾರದ ತೂತು ಸವೆದು ಅಗಲವಾಗಿದೆಯೇ, ತೋಟಾ ಕೂತಲ್ಲಿ ಹಸಿರು ಕಲೆ ಉಳಿದಿದೆಯೇ? ಇಷ್ಟೆಲ್ಲ ಇದ್ದರೂ ಮೋಸ ಹೋಗುವುದುಂಟು. ಮೋಸಕ್ಕಿಂತ ಕೆಟ್ಟದ್ದು ಪಟ್ಟಿಯನ್ನು 'ಮೂಲರೂಪಕ್ಕೆ' ತರುತ್ತೇನೆಂದು ಕುಣಿಕೆ ಬಿಚ್ಚಿಹಾಕುವವರ ಕೆಲಸ. ನಕಲಿ ಒಂದಲ್ಲ ಒಂದು ದಿನ ಬಯಲಾಗಬಹುದು. ಬಿಚ್ಚಿದ ದಾರ ಮತ್ತೆ ಬಾರದು.

ಇನ್ನೊಂದು ವಿಷಯ ಬಂದ ದಾರಿಯದು. ಹಳೆಯ ಸೇನಾ ಠಾಣ್ಯಗಳ ತಿಪ್ಪೆಗಳಲ್ಲಿ ಇಂಥ ಸಾಮಾನು ಈಗಲೂ ಹುದುಗಿದೆ. ಆದರೆ 1979ರ ಕಾನೂನಿನಂತೆ ಒಕ್ಕೂಟ ಸರ್ಕಾರದ ನೆಲದಲ್ಲಿ ಪರವಾನಗಿಯಿಲ್ಲದೆ ಪುರಾತತ್ವ ವಸ್ತು ಅಗೆಯುವುದು ಅಪರಾಧ. ಅಂಥದ್ದನ್ನು ಮಾರುವುದೂ ಕೊಳ್ಳುವುದೂ ಅಪರಾಧವೇ. ಎಲ್ಲಿ, ಯಾರಿಂದ ಬಂತೆಂದು ಮಾರುವವನು ಬಾಯಿ ಬಿಡದಿದ್ದರೆ, ಪಟ್ಟಿ ಎಷ್ಟೇ ಚೆನ್ನಾಗಿರಲಿ, ತಿಳಿದವರು ಅದನ್ನು ಮೇಜಿನ ಮೇಲೆಯೇ ಬಿಟ್ಟು ಬರುತ್ತಾರೆ.